ಮಳೆ ಹೊಳವಾದ ಮೇಲೆ ಹೊರಡುವ ನಮ್ಮ ರೂಢಿಯೂ ಹಿಮಕುಸಿತವೂ

ತುಂಗಾತೀರ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಓದುತ್ತಿರುವ ನನ್ನ ಮಗಳು ಏಳು ಮಂದಿ ಸಹಪಾಠಿಗಳ ಜೊತೆ ಜನವರಿಯಲ್ಲಿ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟಿದ್ದಾಳೆ. ಕೊಡಚಾದ್ರಿ, ಕುದುರೆಮುಖ, ಕವಲೇದುರ್ಗಗಳನ್ನು ಮತ್ತೆ ಮತ್ತೆ ಹತ್ತಿ ಇಳಿದ ಮಕ್ಕಳು ಅವರು. ಉಂಬಳಕ್ಕೂ ಮಳೆಗೂ ಹೆದರುವವರಲ್ಲ. ಆದರೆ ಹಿಮದ ಬೆಟ್ಟ ನನಗೆ ಏನೇನೂ ತಿಳಿಯದ ಲೋಕ. 2024ರ ಜೂನ್ ತಿಂಗಳಲ್ಲಿ ಸಹಸ್ರತಾಲಕ್ಕೆ ಹೋಗಿದ್ದ ನಮ್ಮ ರಾಜ್ಯದ ಚಾರಣಿಗರಲ್ಲಿ ಒಂಬತ್ತು ಮಂದಿ ಹಿಮಕುಸಿತಕ್ಕೆ ಸಿಕ್ಕಿ ತೀರಿಕೊಂಡ ಸುದ್ದಿ ಇನ್ನೂ ಮನಸ್ಸಿನಿಂದ ಹೋಗಿಲ್ಲ. ಹೋಗಲೇಬೇಡ ಎಂದು ತಡೆಯುವ ಇಚ್ಛೆ ನನಗಿಲ್ಲ, ಆದರೆ ಏನನ್ನು ಕೇಳಿ ತಿಳಿದುಕೊಂಡು ಕಳುಹಿಸಬೇಕು ಎಂಬುದೂ ಗೊತ್ತಾಗುತ್ತಿಲ್ಲ. ಮಗಳನ್ನು ಕೇಳಿದರೆ, "ಹಿಮ ಬೀಳುತ್ತಿದ್ದರೆ ಡೇರೆಯಲ್ಲೇ ಉಳಿಯುತ್ತೇವೆ, ಬಿಸಿಲು ಬಂದ ಮೇಲೆ ಹೊರಡುತ್ತೇವೆ" ಎನ್ನುತ್ತಾಳೆ. ಇಷ್ಟು ಎಚ್ಚರಿಕೆ ಸಾಕೇ? ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಚಾರಣಿಗ, ಸಾಗರ

ಅಕ್ಕನವರಿಗೆ ನಮಸ್ಕಾರ. ಮೊದಲು ಒಂದು ತಿದ್ದುಪಡಿ. ಸಹಸ್ರತಾಲದಲ್ಲಿ ನಡೆದದ್ದು ಹಿಮಕುಸಿತವಲ್ಲ. 22 ಮಂದಿಯ ಆ ತಂಡ ಹಿಮಗಾಳಿಗೆ ಸಿಕ್ಕಿ, ದಾರಿ ಕಾಣದೆ ನಿಂತಲ್ಲೇ ನಿಲ್ಲಬೇಕಾಗಿ ಬಂದು, ಚಳಿಯಲ್ಲಿ ಮೈಯ ಬಿಸಿ ಆರಿಹೋಗಿ ಒಂಬತ್ತು ಮಂದಿ ತೀರಿಕೊಂಡರು. ಆಕಾಶದಿಂದ ಹಿಮ ಬೀಳುವುದನ್ನೂ ಬೆಟ್ಟದ ಮೈಯಿಂದ ಹಿಮ ಕಳಚಿ ಜಾರುವುದನ್ನೂ ನಮ್ಮ ಪತ್ರಿಕೆಗಳು ಅನೇಕ ಸಲ 'ಹಿಮಪಾತ' ಎಂಬ ಒಂದೇ ಮಾತಿನಿಂದ ಕರೆಯುವುದರಿಂದ ಈ ಗೊಂದಲ ಉಂಟಾಗುತ್ತದೆ. ಎರಡರಿಂದಲೂ ಜೀವ ಹೋಗುತ್ತದೆ. ಆದರೆ ಹಿಮಗಾಳಿಯಿಂದ ಉಳಿಯಲು ಬೆಚ್ಚನೆಯ ಬಟ್ಟೆ, ಬಿಡಾರ ಮತ್ತು ಬೇಗ ಹಿಂದಿರುಗುವ ನಿರ್ಧಾರ ಬೇಕು, ಹಿಮಕುಸಿತದಿಂದ ಉಳಿಯಲು ಇಳುಕಲನ್ನು ಓದುವ ಕಣ್ಣು ಬೇಕು.

ನಿಮ್ಮ ಮಗಳ ಉತ್ತರದಲ್ಲಿಯೇ ನನಗೆ ಆತಂಕದ ಎಳೆಯೊಂದು ಕಾಣುತ್ತಿದೆ. ಮಲೆನಾಡಿನಲ್ಲಿ ಹುಟ್ಟಿದ ನಮಗೆಲ್ಲ ಮಳೆ ಹೊಳವಾಗುವುದನ್ನು ಕಾಯುವುದು ಚಿಕ್ಕಂದಿನಿಂದ ಬಂದ ರೂಢಿ. ಮಳೆ ಹೊಡೆಯುವಾಗ ಜಗಲಿಯಲ್ಲಿ ಕುಳಿತು, ಹೊಳವಾದ ಕೂಡಲೇ ತೋಟಕ್ಕೋ ಪೇಟೆಗೋ ಹೊರಡುತ್ತೇವೆ. ಈ ರೂಢಿಯನ್ನು ಹಿಮದ ಬೆಟ್ಟಕ್ಕೆ ಕೊಂಡೊಯ್ದರೆ ಅತ್ಯಂತ ಅಪಾಯದ ಹೊತ್ತಿನಲ್ಲಿಯೇ ಡೇರೆಯಿಂದ ಹೊರಗೆ ಕಾಲಿಟ್ಟಂತಾಗುತ್ತದೆ. ಎರಡು ದಿನ ಹಿಮ ಸುರಿದು, ಮೂರನೆಯ ಬೆಳಗ್ಗೆ ಆಕಾಶ ನೀಲಿಯಾಗಿ ಬಿಸಿಲು ಹರಡಿದಾಗ ಕಣ್ಣಿಗೆ ಎಲ್ಲವೂ ಶಾಂತವಾಗಿ ಕಾಣುತ್ತದೆ. ಆದರೆ ಹೊಸದಾಗಿ ಬಿದ್ದ ಹಿಮದ ಭಾರಕ್ಕೆ ಕೆಳಗಿನ ಪದರಗಳು ಇನ್ನೂ ಹೊಂದಿಕೊಂಡಿರುವುದಿಲ್ಲ. ಸುರಿಯುವಾಗಲೂ ಸುರಿದ ನಂತರದ ಒಂದೆರಡು ದಿನಗಳಲ್ಲೂ ಕುಸಿತಗಳು ಹೆಚ್ಚು. ಸುರಿಯುವಾಗ ಜನ ಡೇರೆಯೊಳಗಿರುತ್ತಾರೆ, ನಿಂತ ಮೇಲೆ ಇಳುಕಲಿನ ಮೇಲಿರುತ್ತಾರೆ.

ಇನ್ನೊಂದು ಮಾತನ್ನು ಎಲ್ಲರೂ ತಿಳಿದಿರಬೇಕು. ಹಿಮಕುಸಿತವು ಎಲ್ಲೋ ಮೇಲಿನಿಂದ ತಾನಾಗಿಯೇ ಉರುಳಿ ಬರುತ್ತದೆ ಎಂಬುದು ಸಾಮಾನ್ಯ ನಂಬಿಕೆ. ಅಮೆರಿಕ ಮತ್ತು ಯೂರೋಪಿನ ಅಪಘಾತಗಳ ದಾಖಲೆಗಳನ್ನು ನೋಡಿದವರು ಹೇಳುವುದೇ ಬೇರೆ: ಚಾರಣಿಗರನ್ನೂ ಸ್ಕೀಯಿಂಗ್ ಮಾಡುವವರನ್ನೂ ಹೂತುಹಾಕಿದ ಕುಸಿತಗಳಲ್ಲಿ ಸುಮಾರು ಶೇಕಡಾ 90ರಷ್ಟನ್ನು ಆರಂಭಿಸಿದ್ದು ಸಿಕ್ಕಿಬಿದ್ದವರ ಅಥವಾ ಅವರ ಜೊತೆಗಾರರ ಕಾಲಿನ ಭಾರವೇ. ಕಾರಣ ನಮ್ಮ ಹೆಜ್ಜೆಯಲ್ಲಿದ್ದರೆ ಪರಿಹಾರವೂ ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ ಎಂದಾಯಿತು.

ಶೇಡಿಮಣ್ಣು, ಕೊಪ್ಪ

ನಾನು ಭೂಗೋಳ ಪಾಠ ಮಾಡುವವನು. ಸಾಗರದ ಮಿತ್ರರು ಹೇಳಿದ್ದಕ್ಕೆ ನಮ್ಮ ನೆಲದ ಹೋಲಿಕೆಯೊಂದನ್ನು ಸೇರಿಸಿದರೆ ವಿಷಯ ಮನಸ್ಸಿಗೆ ನಾಟೀತು.

ನಮ್ಮಲ್ಲಿ ಧರೆ ಕುಸಿಯುವುದನ್ನು ಎಲ್ಲರೂ ನೋಡಿದ್ದೇವೆ. ಮೇಲೆ ಗಟ್ಟಿಯಾದ ಜಂಬಿಟ್ಟಿಗೆಯ ಪದರವಿರುತ್ತದೆ, ಅದರ ಕೆಳಗೆ ನೀರು ಕುಡಿದರೆ ಬೆಣ್ಣೆಯಂತಾಗುವ ಶೇಡಿಮಣ್ಣು ಇರುತ್ತದೆ. ಮೇಲಿನ ಪದರ ಎಷ್ಟೇ ಗಟ್ಟಿಯಾಗಿದ್ದರೂ ಕೆಳಗಿನ ಶೇಡಿ ಜಾರಿದರೆ ಇಡೀ ಧರೆಯೇ ಮರಗಳ ಸಮೇತ ಕೆಳಗಿಳಿಯುತ್ತದೆ. ಹಿಮಕುಸಿತಗಳಲ್ಲಿ ಹೆಚ್ಚು ಜೀವ ತೆಗೆಯುವ ಚಪ್ಪಡಿ ಕುಸಿತವೂ ಹೀಗೆಯೇ. ಅಲ್ಲಿಯೂ ಮೂರು ಅಂಶಗಳು ಒಂದರ ಮೇಲೊಂದು ಕೂಡಬೇಕು: ಮೇಲೆ ಒಂದಕ್ಕೊಂದು ಅಂಟಿಕೊಂಡು ಚಪ್ಪಡಿಯಂತಾದ ಹಿಮ, ನಡುವೆ ತೆಳ್ಳನೆಯ ದುರ್ಬಲ ಪದರ, ಕೆಳಗೆ ಜಾರುವುದಕ್ಕೆ ಒದಗುವ ಹಾಸು. ಒಬ್ಬ ಮನುಷ್ಯನ ಭಾರಕ್ಕೆ ಆ ನಡುವಿನ ಪದರ ಒಂದು ಕಡೆ ಮುರಿದರೆ ಬಿರುಕು ಕಣ್ಣು ಮಿಟುಕಿಸುವುದರೊಳಗೆ ಇಳುಕಲಿನ ಉದ್ದಗಲಕ್ಕೂ ಓಡಿ, ಅವನು ನಿಂತಿರುವ ಜಾಗದ ಮೇಲ್ಗಡೆಯಿಂದಲೇ ಚಪ್ಪಡಿ ಕತ್ತರಿಸಿಕೊಂಡು ಬರುತ್ತದೆ. ಒಣ ಹಿಮದ ಚಪ್ಪಡಿ ಗಂಟೆಗೆ ನೂರು ಕಿಲೋಮೀಟರಿಗೂ ಮಿಕ್ಕಿದ ವೇಗವನ್ನು ಪಡೆಯಬಲ್ಲದು. ಓಡಿ ತಪ್ಪಿಸಿಕೊಳ್ಳುವ ಮಾತು ಅಲ್ಲಿ ಬರುವುದೇ ಇಲ್ಲ.

ಆ ದುರ್ಬಲ ಪದರ ಹುಟ್ಟುವ ಬಗೆಯನ್ನೂ ಹೇಳಬೇಕು, ಏಕೆಂದರೆ ಅದು ಹುಟ್ಟುವುದು ಹೆಚ್ಚಾಗಿ ಒಳ್ಳೆಯ ಹವಾಮಾನದಲ್ಲಿ. ನಮ್ಮಲ್ಲಿ ಮಾಗಿಯ ಚಳಿಗೆ ಹುಲ್ಲಿನ ಮೇಲೆ ಇಬ್ಬನಿ ಕೂರುತ್ತದಲ್ಲ, ಹಾಗೆಯೇ ಮೋಡವಿಲ್ಲದ ರಾತ್ರಿಗಳಲ್ಲಿ ಹಿಮದ ಮೇಲ್ಮೈಯಲ್ಲಿ ಗರಿಯಂಥ ಮಂಜಿನ ಹರಳುಗಳು ಬೆಳೆಯುತ್ತವೆ. ನೋಡಲು ಬಹಳ ಸುಂದರ. ಮುಂದಿನ ಹಿಮ ಅವುಗಳ ಮೇಲೆ ಬಿದ್ದು ಮುಚ್ಚಿದಾಗ, ಗಾಜಿನ ಕಡ್ಡಿಗಳ ಮೇಲೆ ಹಲಗೆ ಇಟ್ಟಂತಾಗುತ್ತದೆ. ಇನ್ನೊಂದು ಬಗೆಯದು ನೆಲದ ಹತ್ತಿರ ಹುಟ್ಟುತ್ತದೆ. ಚಳಿಗಾಲದ ಆರಂಭದಲ್ಲಿ ಹಿಮದ ಹೊದಿಕೆ ತೆಳುವಾಗಿದ್ದು, ನೆಲ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿರುವಾಗ ಹೊರಗಿನ ಗಾಳಿ ಬಹಳ ಕೆಳಗಿಳಿದರೆ, ಒಳಗಿನ ಆವಿ ಮೇಲಕ್ಕೆ ಚಲಿಸುತ್ತಾ ಹಿಮದ ಕಣಗಳನ್ನು ದಪ್ಪ ಸಕ್ಕರೆಯಂಥ ಹರಳುಗಳನ್ನಾಗಿ ಮಾಡಿಬಿಡುತ್ತದೆ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟದೆ ಬೆರಳ ಸಂದಿಯಿಂದ ಸುರಿದುಹೋಗುವ ಈ ಪದರವು ವಾರಗಟ್ಟಲೆ ಹಾಗೆಯೇ ಉಳಿಯಬಲ್ಲದು. ಜನವರಿಯಲ್ಲಿ ಹೊರಟವರ ಕಾಲಡಿಯಲ್ಲಿ ಡಿಸೆಂಬರಿನ ಹಿಮ ಇನ್ನೂ ಸಕ್ಕರೆಯಾಗಿಯೇ ಇದ್ದೀತು.

ಹೊಳವಿನ ಮಾತಿಗೆ ಒಂದು ಸೇರ್ಪಡೆ. ನಮ್ಮ ಧರೆಗಳ ವಿಷಯದಲ್ಲೂ ಆ ರೂಢಿ ಪೂರ್ತಿ ಸರಿಯಲ್ಲ. ಮಣ್ಣಿನೊಳಗೆ ಇಂಗಿದ ನೀರಿನ ಒತ್ತಡ ಮಳೆ ನಿಂತ ಕೂಡಲೇ ಇಳಿಯುವುದಿಲ್ಲ, ಆದ್ದರಿಂದ ಹೊಳವಾದ ಮೇಲೂ ಗುಡ್ಡ ಜಾರುವುದುಂಟು. ಮನೆಯ ಹಿಂದೆ ಧರೆ ಇರುವವರು ಇದನ್ನು ನೆನಪಿಡಬೇಕು.

ಹೊಸಹೆಜ್ಜೆ, ಭದ್ರಾವತಿ

ನಾನು ಆ ಎಂಟು ಮಂದಿಯಲ್ಲಿ ಒಬ್ಬ. ಅಮ್ಮ ನಮ್ಮ ಬಗ್ಗೆ ಇಷ್ಟು ಕಾಳಜಿಯಿಂದ ಬರೆದಿರುವುದನ್ನು ನೋಡಿ ನಾನೂ ಉತ್ತರಿಸಬೇಕೆನಿಸಿತು. ನಾವು ಹೋಗುತ್ತಿರುವುದು ಸಂಘಟಿತ ತಂಡದ ಜೊತೆ. ಸಾಂಕ್ರಿಯಿಂದ ಹೊರಡುವ ಆ ದಾರಿಯ ಬಹುಭಾಗ ಕಾಡಿನೊಳಗೆ ಸಾಗುತ್ತದೆ, ಶಿಖರದ ಎತ್ತರ ಸುಮಾರು 12,500 ಅಡಿ, ಚಳಿಗಾಲದಲ್ಲಿ ಪ್ರತಿದಿನವೂ ಬಹಳ ಜನ ಹತ್ತುತ್ತಾರೆ. ಇಷ್ಟು ಜನ ನಡೆದು ಗಟ್ಟಿಯಾದ ದಾರಿಯಲ್ಲಿ, ಅನುಭವಿ ಗೈಡುಗಳ ಹಿಂದೆ ಹೋಗುವವರಿಗೂ ಇದೆಲ್ಲ ಅನ್ವಯಿಸುತ್ತದೆಯೇ? ಆಕ್ಷೇಪಿಸುವುದಕ್ಕಾಗಿ ಕೇಳುತ್ತಿಲ್ಲ, ತಿಳಿಯಬೇಕೆಂದು ಕೇಳುತ್ತಿದ್ದೇನೆ.

ಚಾರಣಿಗ, ಸಾಗರ

ತಮ್ಮಾ, ಒಳ್ಳೆಯ ಪ್ರಶ್ನೆ. ಹಿಮಾಲಯದ ಚಳಿಗಾಲದ ದಾರಿಗಳಲ್ಲಿ ನೀವು ಆರಿಸಿಕೊಂಡದ್ದು ಹೋಲಿಕೆಯಲ್ಲಿ ಸೌಮ್ಯವಾದದ್ದು. ದಟ್ಟ ಕಾಡಿನ ನಡುವೆ, ಏರು ಕಡಿಮೆ ಇರುವೆಡೆ ನಡೆಯುವಾಗ ಅಪಾಯ ನಿಜಕ್ಕೂ ಕಡಿಮೆ. ಆದರೆ ಕಾಡು ಮುಗಿದ ಮೇಲಿನ ಏರು ಬೇರೆಯದೇ ಆದ ಜಾಗ, ಮತ್ತು ಒಮ್ಮೆ ಹಿಮದ ರುಚಿ ಹತ್ತಿದವರು ಅಲ್ಲಿಗೇ ನಿಲ್ಲದೆ ಮುಂದಿನ ವರ್ಷ ಯಾವುದಾದರೂ ಕಣಿವೆಮಾರ್ಗವನ್ನು, ಅಂದರೆ ಶಿಖರಗಳ ನಡುವಿನ ಎತ್ತರದ ಹಾದಿಯನ್ನು, ದಾಟಲು ಹೋಗುತ್ತಾರೆ. ಹಳೆಯ ಹೆಜ್ಜೆಗುರುತು ಏನನ್ನೂ ಸಾಬೀತುಪಡಿಸುವುದಿಲ್ಲ. ನಿನ್ನೆ ಐವತ್ತು ಮಂದಿ ದಾಟಿದ ಇಳುಕಲು ಇಂದು ಐವತ್ತೊಂದನೆಯವರ ಕಾಲಿಗೆ ಮುರಿದ ಉದಾಹರಣೆಗಳಿವೆ. ಚಪ್ಪಡಿ ಎಲ್ಲ ಕಡೆಯೂ ಒಂದೇ ದಪ್ಪವಿರುವುದಿಲ್ಲ, ತೆಳುವಾದ ಜಾಗದ ಮೇಲೆ ಕಾಲಿಟ್ಟವನ ಭಾರವೇ ಕೆಳಗಿನ ಪದರಕ್ಕೆ ತಲುಪುತ್ತದೆ. ಅನುಭವಿಗಳ ಮಾತಿಗೆ ಬಂದರೆ, 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯ ಶಿಬಿರಾರ್ಥಿಗಳು ದ್ರೌಪದಿ ಕಾ ಡಾಂಡಾ ಶಿಖರದ ಮೇಲ್ಭಾಗದಲ್ಲಿ ಹಿಮಕುಸಿತಕ್ಕೆ ಸಿಕ್ಕಿದಾಗ ಜೊತೆಯಲ್ಲಿ ನುರಿತ ತರಬೇತುದಾರರೇ ಇದ್ದರು. 27 ಮಂದಿಯ ಶವ ಸಿಕ್ಕಿತು, ಇಬ್ಬರು ಸಿಗಲೇ ಇಲ್ಲ. ಯಾರನ್ನೂ ದೂರಲು ಇದನ್ನು ಬರೆಯುತ್ತಿಲ್ಲ. ಅನುಭವವಿದ್ದವರ ಹಿಂದೆ ನಡೆಯುವಾಗಲೂ ನಮ್ಮ ಕಣ್ಣು ತೆರೆದಿರಬೇಕು ಎಂಬುದಷ್ಟೇ ನನ್ನ ಮಾತು.

ನನ್ನದೇ ಒಂದು ಅನುಭವ ಹೇಳುತ್ತೇನೆ. ಕೆಲವು ವರ್ಷಗಳ ಹಿಂದೆ, ಏಪ್ರಿಲ್ ತಿಂಗಳಲ್ಲಿ, ಹಿಮಾಚಲದ ಕಣಿವೆಮಾರ್ಗವೊಂದರ ಕೆಳಗೆ ನಮ್ಮ ತಂಡ ಹಿಮ ತುಂಬಿದ ಕೊರಕಲೊಂದನ್ನು ಅಡ್ಡ ದಾಟಬೇಕಿತ್ತು. ಬೆಳಗಿನ ಜಾವವೇ ಹೊರಡಬೇಕಾಗಿದ್ದವರು ತಡವಾಗಿ ಹೊರಟು, ಅಲ್ಲಿಗೆ ತಲುಪುವಾಗ ಹನ್ನೊಂದೂವರೆಯಾಗಿತ್ತು. ಕಾಲು ಮೊಣಕಾಲಿನವರೆಗೆ ಹೂತುಹೋಗುವಷ್ಟು ಹಿಮ ಮೆತ್ತಗಾಗಿತ್ತು. ಮೇಲಿನ ಬಂಡೆಗಳ ಬುಡದಿಂದ ಸಣ್ಣ ಹಿಮದುಂಡೆಗಳು ಗಾಡಿಯ ಚಕ್ರದಂತೆ ಸುತ್ತಿಕೊಂಡು ಉರುಳುತ್ತಿದ್ದವು. ಬಿಸಿಲಿಗೆ ಹಿಮದ ಬಿಗಿ ಸಡಿಲುತ್ತಿದೆ ಎಂಬುದಕ್ಕೆ ಅದಕ್ಕಿಂತ ಸ್ಪಷ್ಟ ಸೂಚನೆ ಬೇಕಿಲ್ಲ ಎಂಬುದು ನನಗೆ ತರಗತಿಯಲ್ಲಿ ಕಲಿತು ಗೊತ್ತಿತ್ತು. ಆದರೂ ನಾನು ಬಾಯಿ ಬಿಡಲಿಲ್ಲ. ತಂಡದ ಮುಂದಾಳು "ಬೇಗ ಬೇಗ, ಎಲ್ಲರೂ ಒಟ್ಟಿಗೆ" ಎಂದಾಗ ಹದಿನಾಲ್ಕು ಮಂದಿಯೂ ಸಾಲಾಗಿ ದಾಟಿದೆವು. ಆಚೆ ಬದಿಗೆ ತಲುಪಿ ಚಹಾ ಕುಡಿಯುವಷ್ಟರಲ್ಲಿ ಕೊರಕಲಿನ ಮೇಲ್ಭಾಗದಿಂದ ಒದ್ದೆ ಹಿಮ ಹರಿದು ಬಂದು ನಮ್ಮ ಹೆಜ್ಜೆಸಾಲನ್ನು ಪೂರ್ತಿ ಅಳಿಸಿಹಾಕಿತು. ಆ ದಿನದ ಮೌನಕ್ಕಾಗಿ ನಾನು ಇಂದಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ. ಗೊತ್ತಿದ್ದೂ ಹೇಳದಿರುವುದೇ ಅಲ್ಲಿ ನಿಜವಾದ ಅಪಾಯವಾಗಿತ್ತು.

ಇನ್ನು ಇಳುಕಲಿನ ಮಾತು. ಚಪ್ಪಡಿ ಕುಸಿತಗಳು ಬಹುಪಾಲು ಆರಂಭವಾಗುವುದು 30ರಿಂದ 45 ಡಿಗ್ರಿಯ ಇಳುಕಲಿನಲ್ಲಿ. 38ರ ಸುತ್ತಮುತ್ತ ಅತಿ ಹೆಚ್ಚು. ಅದಕ್ಕಿಂತ ಬಹಳ ಕಡಿದಾದಲ್ಲಿ ಹಿಮ ನಿಲ್ಲದೆ ಆಗಾಗ ಉದುರಿಹೋಗುತ್ತದೆ, 30ಕ್ಕಿಂತ ಕಡಿಮೆ ಇರುವಲ್ಲಿ ಹೊರಡುವುದು ಅಪರೂಪ. ನಮ್ಮ ಮನೆಯ ಹೆಂಚಿನ ಮಾಡನ್ನು ಮೊಬೈಲ್ ಇಟ್ಟು ಅಳೆದಾಗ 30ರ ಆಸುಪಾಸು ಬಂತು. ನೀವೂ ನಿಮ್ಮ ಮನೆಯ ಮಾಡನ್ನು ಅಳೆದು ಕಣ್ಣಿಗೆ ಅಭ್ಯಾಸ ಮಾಡಿಕೊಳ್ಳಿ. ಹಿಮದ ಮೇಲೆ ನಿಂತಾಗ ಇಳುಕಲು ಎಷ್ಟೆಂದು ಅಂದಾಜಿಸುವುದರಲ್ಲಿ ಹೊಸಬರು ತಪ್ಪುವುದೇ ಹೆಚ್ಚು. ಮತ್ತು ನೀವು ನಿಂತಿರುವ ನೆಲ ಸಮತಟ್ಟಾಗಿದೆ ಎಂದ ಮಾತ್ರಕ್ಕೆ ಸುರಕ್ಷಿತವಲ್ಲ. ತಲೆಯ ಮೇಲೆ ಅಂಥ ಇಳುಕಲು ಇದ್ದರೆ ಅಲ್ಲಿಂದ ಬಿದ್ದದ್ದು ಕೆಳಗಿನ ಬಯಲಿನಲ್ಲೂ ಬಹಳ ದೂರ ಹರಿಯುತ್ತದೆ. ಕಾಡಿನ ನಡುವೆ ಬೈತಲೆ ತೆಗೆದಂತೆ ಮೇಲಿನಿಂದ ಕೆಳಗಿನವರೆಗೆ ಮರಗಳಿಲ್ಲದ ಪಟ್ಟಿ ಕಂಡರೆ, ಅಂಚಿನ ಮರಗಳಲ್ಲಿ ಇಳುಕಲಿನ ಮೇಲ್ಬದಿಗಿರುವ ಕೊಂಬೆಗಳು ಮುರಿದಿದ್ದರೆ, ಅದು ಹಿಮ ಹರಿಯುವ ಹಾದಿ ಎಂದು ತಿಳಿದು ಅಲ್ಲಿ ವಿಶ್ರಾಂತಿಗೂ ಕೂರಬಾರದು, ಡೇರೆಯನ್ನಂತೂ ಹಾಕಲೇಬಾರದು.

ಹೊಸದಾದ ಕುಸಿತದ ಗುರುತು, ಕಾಲಿಟ್ಟಾಗ 'ಧುಂ' ಎಂದು ನೆಲ ಕುಳಿತಂಥ ಸದ್ದು, ಪಾದದಿಂದ ಮುಂದಕ್ಕೆ ಓಡುವ ಬಿರುಕು, ಒಂದೇ ದಿನದಲ್ಲಿ ಬಿದ್ದ ಒಂದಡಿಯಷ್ಟು ಹೊಸ ಹಿಮ, ಏಕಾಏಕಿ ಏರಿದ ಸೆಕೆ, ಹಿಮದ ಮೇಲೆ ಬಿದ್ದ ಮಳೆ, ಇವುಗಳಲ್ಲಿ ಯಾವುದು ಕಂಡರೂ ಕಡಿದಾದ ಇಳುಕಲಿನಿಂದ ಹಿಂದೆ ಸರಿಯಬೇಕು. ಗಾಳಿಯನ್ನೂ ಗಮನಿಸಬೇಕು. ಹಿಮ ಬೀಳದಿದ್ದರೂ ಗಾಳಿಯು ಒಂದು ಬದಿಯ ಹಿಮವನ್ನು ಕೆರೆದು ಏಣಿನ ಆಚೆ ಬದಿಯಲ್ಲಿ ರಾಶಿ ಹಾಕುತ್ತದೆ. ಏಣಿನ ಅಂಚಿನಲ್ಲಿ ಮನೆಯ ಸೂರಿನಂತೆ ಹಿಮ ಹೊರಚಾಚಿದ್ದರೆ ಆ ಬದಿಯ ಇಳುಕಲು ಗಾಳಿಯಿಂದ ತುಂಬಿದೆ ಎಂದರ್ಥ. ಆ ಸೂರಿನ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳಲು ಹೋಗುವವರನ್ನು ಕೈ ಹಿಡಿದು ಎಳೆಯಿರಿ.

ನಿವೃತ್ತ ಸೈನಿಕ, ಹೊಸನಗರ

ಎಲ್ಲರ ಬರಹವನ್ನೂ ಓದಿದೆ. ಎತ್ತರದ ಗಡಿಠಾಣೆಗಳಲ್ಲಿ ಎರಡು ಚಳಿಗಾಲಗಳನ್ನು ಕಳೆದವನು ನಾನು. ನಮಗೆ ಮೊದಲ ದಿನವೇ ಕಲಿಸಿದ ಪಾಠವೆಂದರೆ ಅನುಮಾನದ ಇಳುಕಲನ್ನು ಗುಂಪಾಗಿ ದಾಟಬಾರದು ಎಂಬುದು. ಒಬ್ಬೊಬ್ಬರಾಗಿ ದಾಟಬೇಕು, ಉಳಿದವರು ಸುರಕ್ಷಿತ ಜಾಗದಲ್ಲಿ ನಿಂತು, ಮಾತಾಡದೆ, ದಾಟುವವನ ಮೇಲೆಯೇ ಕಣ್ಣಿಟ್ಟಿರಬೇಕು. ದಾಟುವ ಮೊದಲು ಕೋಲಿನ ಪಟ್ಟಿಯಿಂದ ಮುಂಗೈಯನ್ನು ಬಿಡಿಸಿಕೊಳ್ಳಬೇಕು. ಒಬ್ಬನು ಕೊಚ್ಚಿಹೋದರೆ ಕೊನೆಯ ಬಾರಿಗೆ ಕಂಡದ್ದು ಎಲ್ಲಿ ಎಂಬುದನ್ನು ಗುರುತಿಟ್ಟವನೇ ಅವನನ್ನು ಉಳಿಸುವವನು.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ ಸೋನಂ ಠಾಣೆಯ ಮೇಲೆ, 19,600 ಅಡಿ ಎತ್ತರದಲ್ಲಿ ಹಿಮ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಹೂತುಹೋದರು. ನಮ್ಮ ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರು ದಿನಗಳ ನಂತರ ಉಸಿರಾಡುತ್ತಿರುವ ಸ್ಥಿತಿಯಲ್ಲಿ ಸಿಕ್ಕಿದರು. ಇಡೀ ನಾಡು ಅವರಿಗಾಗಿ ಪ್ರಾರ್ಥಿಸಿತು. 11ರಂದು ದೆಹಲಿಯ ಸೇನಾ ಆಸ್ಪತ್ರೆಯಲ್ಲಿ ತೀರಿಕೊಂಡರು. ಆ ಸುದ್ದಿ ಬಂದ ದಿನ ನಮ್ಮ ಊರಿನ ಅಂಗಡಿಕಟ್ಟೆಯಲ್ಲಿ ಯಾರೂ ಮಾತಾಡಲಿಲ್ಲ. ಅವರ ಜೀವಶಕ್ತಿಗೆ ನಾನು ತಲೆಬಾಗುತ್ತೇನೆ. ಆದರೆ ಅದನ್ನು ಕೇಳಿ "ಹಿಮದಡಿ ದಿನಗಟ್ಟಲೆ ಬದುಕಬಹುದು" ಎಂದು ಯಾರಾದರೂ ತಿಳಿದರೆ ದೊಡ್ಡ ಪ್ರಮಾದವಾಗುತ್ತದೆ. ಬಿಡಾರದೊಳಗೆ ಇದ್ದವರಿಗೆ ಸುತ್ತ ಸ್ವಲ್ಪ ಗಾಳಿ ಉಳಿಯುವ ಸಂಭವವಿರುತ್ತದೆ. 2025ರ ಫೆಬ್ರವರಿ 28ರಂದು ಬದರೀನಾಥದ ಹತ್ತಿರದ ಮಾಣಾದಲ್ಲಿ ರಸ್ತೆ ಕೆಲಸದ 54 ಮಂದಿ ಹಿಮಕ್ಕೆ ಸಿಕ್ಕಿದಾಗ 46 ಮಂದಿ ಉಳಿದರು, ಎಂಟು ಮಂದಿ ತೀರಿಕೊಂಡರು. ಅಲ್ಲಿಯೂ ಹಲವರಿಗೆ ನೆರವಾದದ್ದು ಅವರಿದ್ದ ಲೋಹದ ಕಂಟೇನರುಗಳು. ತೆರೆದ ಇಳುಕಲಿನಲ್ಲಿ ನಡೆಯುತ್ತಿದ್ದವನಿಗೆ ಅಂಥ ಗೋಡೆ ಯಾವುದೂ ಇರುವುದಿಲ್ಲ.

ವೈದ್ಯೆ, ಶಿವಮೊಗ್ಗ

ಹಿರಿಯರು ಹೇಳಿದ್ದನ್ನು ವೈದ್ಯಕೀಯ ದೃಷ್ಟಿಯಿಂದ ವಿವರಿಸುತ್ತೇನೆ. ಹೂತುಹೋದವರಲ್ಲಿ ಹೆಚ್ಚಿನವರು ಸಾಯುವುದು ಚಳಿಯಿಂದಲ್ಲ, ಉಸಿರುಗಟ್ಟಿ. ಉಳಿದವರಲ್ಲಿ ಬಹುಪಾಲು ಜನರನ್ನು ಬಂಡೆಗೋ ಮರಕ್ಕೋ ಅಪ್ಪಳಿಸಿದ ಪೆಟ್ಟು ತೆಗೆದುಕೊಳ್ಳುತ್ತದೆ. ಹಿಮದಲ್ಲಿ ಗಾಳಿಯ ಅಂಶವಿದ್ದರೂ, ನಾವು ಬಿಟ್ಟ ಬಿಸಿಯುಸಿರು ಮುಖದ ಸುತ್ತಲಿನ ಹಿಮವನ್ನು ಕರಗಿಸಿ ಮತ್ತೆ ಮಂಜುಗಡ್ಡೆಯ ಮುಖವಾಡವನ್ನಾಗಿ ಮಾಡುತ್ತದೆ, ಬಿಟ್ಟ ಇಂಗಾಲದ ಡೈ ಆಕ್ಸೈಡನ್ನೇ ಮತ್ತೆ ಒಳಗೆ ಎಳೆದುಕೊಳ್ಳಬೇಕಾಗುತ್ತದೆ. ಸ್ವಿಟ್ಜರ್‌ಲೆಂಡಿನ ದಾಖಲೆಗಳ ಆಧಾರದ ಮೇಲೆ ಬಂದ ಲೆಕ್ಕವೆಂದರೆ, ಸುಮಾರು 15 ನಿಮಿಷದೊಳಗೆ ಹೊರತೆಗೆದವರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಉಳಿಯುತ್ತಾರೆ. 35 ನಿಮಿಷವಾಗುವಷ್ಟರಲ್ಲಿ ಉಳಿಯುವವರು ಮೂರರಲ್ಲಿ ಒಬ್ಬರು. ಇತ್ತೀಚಿನ ಅಧ್ಯಯನಗಳು ಆ 15 ನಿಮಿಷವನ್ನೂ ಹತ್ತಕ್ಕೆ ಇಳಿಸಿವೆ. ಹೆಲಿಕಾಪ್ಟರ್ ಬರುವುದರೊಳಗೆ ಈ ಹೊತ್ತು ಕಳೆದಿರುತ್ತದೆ. ಆದ್ದರಿಂದ ಉಳಿಸಬಲ್ಲವರು ಪಕ್ಕದಲ್ಲಿ ನಿಂತಿರುವ ಗೆಳೆಯರು ಮಾತ್ರ.

ಕೊಚ್ಚಿಹೋಗುತ್ತಿರುವಾಗ ಮೇಲ್ಮೈಗೆ ಬರಲು, ಬದಿಗೆ ಸರಿಯಲು ಹೋರಾಡಬೇಕು. ಹರಿವು ನಿಧಾನವಾಗುತ್ತಿದೆ ಎನಿಸಿದ ಕ್ಷಣದಲ್ಲಿ ಕೈಗಳನ್ನು ಮುಖದ ಮುಂದೆ ತಂದು ಉಸಿರಿಗೆ ಜಾಗ ಮಾಡಿಕೊಳ್ಳಬೇಕು. ನಿಂತ ಮೇಲೆ ಅದು ಸಿಮೆಂಟಿನಂತೆ ಗಟ್ಟಿಯಾಗುತ್ತದೆ, ಬೆರಳನ್ನೂ ಅಲುಗಿಸಲಾಗುವುದಿಲ್ಲ. ಹೊರತೆಗೆಯುವವರು ಮೊದಲು ಮುಖ ಮತ್ತು ಎದೆಯನ್ನು ಬಿಡಿಸಿ, ಬಾಯಿಯೊಳಗಿನ ಹಿಮವನ್ನು ತೆಗೆದು, ಉಸಿರಿಲ್ಲದಿದ್ದರೆ ತಡಮಾಡದೆ ಬಾಯಿಂದ ಉಸಿರು ಕೊಟ್ಟು ಎದೆ ಒತ್ತಲು ಆರಂಭಿಸಬೇಕು. ಬಹಳ ಹೊತ್ತು ಹೂತಿದ್ದು ತಣ್ಣಗಾದ ದೇಹವನ್ನು ಒರಟಾಗಿ ಎಳೆದಾಡಬಾರದು, ಏಕೆಂದರೆ ತಂಪಾದ ಹೃದಯದ ಬಡಿತ ಸಣ್ಣ ಅಲುಗಾಟಕ್ಕೂ ಲಯ ತಪ್ಪಬಲ್ಲದು.

ತುಂಗಾತೀರ, ತೀರ್ಥಹಳ್ಳಿ

ಓದುತ್ತಾ ಎದೆ ನಡುಗಿತು, ಆದರೂ ಹೀಗೆ ಬಿಡಿಸಿ ಹೇಳಿದ್ದಕ್ಕೆ ನಿಮ್ಮೆಲ್ಲರಿಗೂ ಋಣಿ. ಚಾರಣ ನಡೆಸುವವರಿಗೆ ನಾಳೆ ಫೋನ್ ಮಾಡುವವಳಿದ್ದೇನೆ. ಏನೇನು ಕೇಳಲಿ?

ಚಾರಣಿಗ, ಸಾಗರ

ಅಕ್ಕ, ಮೊದಲು ಕೇಳಬೇಕಾದದ್ದು ಇದು: ಹಿಮ ಸುರಿದ ಮರುದಿನ ನಿಮ್ಮ ತಂಡ ಏನು ಮಾಡುತ್ತದೆ? ಕಾರ್ಯಕ್ರಮದಲ್ಲಿ ಒಂದು ದಿನ ಹೆಚ್ಚುವರಿಯಾಗಿ ಇಟ್ಟಿದ್ದಾರೆಯೇ, ಅಥವಾ ರೈಲಿನ ಟಿಕೆಟ್ಟಿಗೆ ಹೊಂದಿಸಿ ಶಿಖರದ ದಿನವನ್ನು ಬಿಗಿಯಾಗಿ ಕಟ್ಟಿದ್ದಾರೆಯೇ? ಹೆಚ್ಚುವರಿ ದಿನವಿಲ್ಲದ ತಂಡ ಹಿಂದೆ ಸರಿಯುವುದು ಕಷ್ಟ. ಶಿಖರ ತಲುಪದೆ ಹಿಂದಿರುಗಿದ ತಂಡಗಳ ಬಗ್ಗೆ ಕೇಳಿ. ಒಮ್ಮೆಯೂ ಹಿಂದಿರುಗಿಲ್ಲ ಎಂದು ಹೆಮ್ಮೆಯಿಂದ ಹೇಳುವವರ ಜೊತೆ ನಾನಾದರೆ ನನ್ನ ಮಕ್ಕಳನ್ನು ಕಳುಹಿಸುವುದಿಲ್ಲ. ಗೈಡುಗಳು ಉತ್ತರಕಾಶಿ, ಮನಾಲಿ ಅಥವಾ ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಗಳಲ್ಲಿ ತರಬೇತಿ ಪಡೆದವರೇ ಎಂಬುದನ್ನೂ ಕೇಳಿ.

ಚಂಡೀಗಢದಲ್ಲಿ ಕೇಂದ್ರವಿರುವ ರಕ್ಷಣಾ ಭೂಮಾಹಿತಿ ಸಂಶೋಧನಾ ಸಂಸ್ಥೆ, ಅಂದರೆ ಡಿಜಿಆರ್‌ಇ, ಚಳಿಗಾಲದಲ್ಲಿ ಹಿಮಾಲಯದ ಜಿಲ್ಲೆಗಳಿಗೆ ಹಿಮಕುಸಿತದ ಮುನ್ನೆಚ್ಚರಿಕೆಯನ್ನು ಕೊಡುತ್ತದೆ. ಅದನ್ನು ಪ್ರತಿದಿನ ಯಾರು ನೋಡುತ್ತಾರೆ ಎಂದು ಕೇಳಿ. ಅಪಾಯವನ್ನು ಐದು ಹಂತಗಳಲ್ಲಿ ಹೇಳುವುದು ಪದ್ಧತಿ. ಮೂರನೆಯದನ್ನು ಮಧ್ಯಮ ಎಂದು ತಿಳಿದು ಹೊರಡುವುದು ದೊಡ್ಡ ತಪ್ಪು. ಯೂರೋಪಿನಲ್ಲಿ ಅತಿ ಹೆಚ್ಚು ಸಾವು ಸಂಭವಿಸುವುದು ಮೂರನೆಯ ಹಂತದ ದಿನಗಳಲ್ಲಿಯೇ, ಏಕೆಂದರೆ ನಾಲ್ಕು ಐದರ ದಿನ ಜನ ತಾವಾಗಿಯೇ ಮನೆಯಲ್ಲಿರುತ್ತಾರೆ.

ಹೊಸಹೆಜ್ಜೆ, ಭದ್ರಾವತಿ

ಬೀಕನ್ (ಹೂತವರನ್ನು ಹುಡುಕಲು ಸಂಕೇತ ಕಳುಹಿಸುವ ಸಾಧನ), ಪ್ರೋಬ್ (ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕೋಲು) ಮತ್ತು ಸಲಿಕೆ ಬೇಕೆಂದು ಹಲವೆಡೆ ಓದಿದ್ದೇನೆ. ಒಂದು ಬೀಕನ್‌ಗೆ ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಬೆಲೆಯಿದೆ. ಎಂಟು ಮಂದಿಗೆ ಕೊಳ್ಳುವ ಶಕ್ತಿ ನಮಗಿಲ್ಲ. ನಮ್ಮ ದಾರಿಗೆ ಅದು ಅನಿವಾರ್ಯವೇ?

ಚಾರಣಿಗ, ಸಾಗರ

ಕಾಡಿನ ದಾರಿಯಲ್ಲಿ ಹೋಗಿ, ಹಿಮ ಸುರಿದ ಮರುದಿನ ಶಿಖರದ ಏರನ್ನು ಬಿಟ್ಟು ಹಿಂದಿರುಗಲು ಸಿದ್ಧರಿರುವವರಿಗೆ ಅನಿವಾರ್ಯ ಎನ್ನಲಾರೆ. ಸಾಧನವಿದೆ ಎಂಬ ಧೈರ್ಯದಿಂದ ಕೆಟ್ಟ ಇಳುಕಲಿಗೆ ಇಳಿಯುವುದಕ್ಕಿಂತ ಸಾಧನವಿಲ್ಲದೆ ಒಳ್ಳೆಯ ಇಳುಕಲಿನಲ್ಲಿ ಉಳಿಯುವುದು ಮೇಲು. ಆದರೆ ಮುಂದೆ ಎತ್ತರದ ಕಣಿವೆಮಾರ್ಗಗಳಿಗೆ ಹೋಗುವುದಾದರೆ ಮೂರೂ ಬೇಕು, ಪ್ರತಿಯೊಬ್ಬರಲ್ಲೂ ಬೇಕು. ಒಬ್ಬನ ಬಳಿ ಮಾತ್ರ ಸಲಿಕೆಯಿದ್ದು ಅವನೇ ಹೂತುಹೋದರೆ ಏನು ಮಾಡುವುದು?

ಎಲ್ಲ ಕಂಪನಿಗಳ ಬೀಕನ್‌ಗಳೂ 457 ಕಿಲೋಹರ್ಟ್ಸ್ ಎಂಬ ಒಂದೇ ತರಂಗದಲ್ಲಿ ಸಂಕೇತ ಕಳುಹಿಸುತ್ತವೆ, ಆದ್ದರಿಂದ ಬೇರೆ ತಂಡದವರನ್ನೂ ಹುಡುಕಬಹುದು. ಅದನ್ನು ಬ್ಯಾಗಿನಲ್ಲಿಡದೆ ಮೈಗೆ ಕಟ್ಟಿಕೊಳ್ಳಬೇಕು. ಮೊಬೈಲ್ ಅದರಿಂದ ಕನಿಷ್ಠ 20 ಸೆಂಟಿಮೀಟರ್ ದೂರವಿರಬೇಕು, ಹುಡುಕುವಾಗ 50 ಸೆಂಟಿಮೀಟರ್. ನನ್ನ ಬಳಿ ಮೂರು ಬೀಕನ್‌ಗಳಿವೆ. ಬಂದರೆ ಕಲಿಸಿಕೊಡುತ್ತೇನೆ.

ನಿವೃತ್ತ ಸೈನಿಕ, ಹೊಸನಗರ

ಕಲಿಯುವುದಕ್ಕೆ ಹಿಮವೇ ಬೇಕೆಂದಿಲ್ಲ. ಈಗ ಅಡಿಕೆ ಸುಲಿಯುವ ಕಾಲ. ನಮ್ಮ ಅಂಗಳದ ಅಂಚಿನಲ್ಲಿ ಸಿಪ್ಪೆಯ ರಾಶಿ ಆಳೆತ್ತರಕ್ಕೆ ಬಿದ್ದಿದೆ. ಬೀಕನ್ ಇಟ್ಟ ಚೀಲವನ್ನು ಅದರೊಳಗೆ ಹೂತು ಹುಡುಕುವ ಅಭ್ಯಾಸ ಮಾಡಬಹುದು. ಸಿಪ್ಪೆ ಹಗುರ, ಅಗೆಯುವುದು ಸುಲಭವೆಂಬ ತಪ್ಪು ಕಲ್ಪನೆ ಬರಬಾರದು. ಅದಕ್ಕಾಗಿ ಮನೆ ಕಟ್ಟಲು ತಂದ ಮರಳಿನ ರಾಶಿಗೆ ನೀರು ಹೊಡೆದು ಇಟ್ಟಿರುತ್ತೇನೆ. ಭಾನುವಾರ ಬೆಳಗ್ಗೆ ಎಂಟಕ್ಕೆ ಬನ್ನಿ, ತಿಂಡಿ ನಮ್ಮಲ್ಲಿಯೇ. ಅಮ್ಮನವರೂ ಬರಲಿ.

ಶೇಡಿಮಣ್ಣು, ಕೊಪ್ಪ

ಸಾಗರದ ಮಿತ್ರರ ಕೊರಕಲಿನ ಅನುಭವವನ್ನು ಓದಿದವರಿಗೆ ಒಂದು ಸ್ಪಷ್ಟನೆ. "ಬೆಳಗಿನ ಜಾವ ದಾಟಿದರೆ ಸುರಕ್ಷಿತ" ಎಂಬುದು ಬಿಸಿಲಿಗೆ ಕರಗುವ ಒದ್ದೆ ಹಿಮಕ್ಕೆ, ಅಂದರೆ ಹೆಚ್ಚಾಗಿ ಮಾರ್ಚ್ ನಂತರದ ದಿನಗಳಿಗೆ ಸಲ್ಲುವ ಮಾತು. ಜನವರಿಯ ಒಣ ಚಪ್ಪಡಿ ಬೆಳಗಿನ ನಾಲ್ಕಕ್ಕೂ ಮುರಿಯುತ್ತದೆ. ನಸುಕಿನಲ್ಲಿ ಶಿಖರಕ್ಕೆ ಹೊರಡುವ ತಂಡಗಳು ಇದನ್ನು ಗಮನಿಸಬೇಕು, ಅದರಲ್ಲೂ ಕತ್ತಲಲ್ಲಿ ಮೇಲಿನ ಇಳುಕಲು ಕಣ್ಣಿಗೆ ಕಾಣದಿರುವಾಗ.

ಹೊಸಹೆಜ್ಜೆ, ಭದ್ರಾವತಿ

ಭಾನುವಾರದ ಅಭ್ಯಾಸದ ವರದಿಯನ್ನು ಎಲ್ಲರಿಗೂ ಒಪ್ಪಿಸುತ್ತಿದ್ದೇನೆ. ಎಂಟರಲ್ಲಿ ಆರು ಮಂದಿ ಹೋಗಿದ್ದೆವು. ಅಮ್ಮ ಗಡಿಯಾರ ಹಿಡಿದು ಕುಳಿತಿದ್ದರು. ಮೊದಲ ಸಲ ಮರಳಿನಡಿಯ ಚೀಲವನ್ನು ಹೊರತೆಗೆಯಲು ನಮಗೆ 26 ನಿಮಿಷ ಹಿಡಿಯಿತು. ಬೀಕನ್ ದಾರಿ ತೋರಿಸಿದ್ದು ಐದೇ ನಿಮಿಷದಲ್ಲಿ. ಉಳಿದ ಹೊತ್ತೆಲ್ಲ ಎಲ್ಲರೂ ಒಟ್ಟಿಗೆ ಕೂಗಾಡುತ್ತಾ ಮೇಲಿನಿಂದ ನೇರ ಗುಂಡಿ ತೋಡಿದ್ದರಲ್ಲಿ ಹೋಯಿತು. ಪ್ರೋಬನ್ನು ಸುಮಾರು 25 ಸೆಂಟಿಮೀಟರಿಗೆ ಒಂದರಂತೆ ಸುರುಳಿಯಾಗಿ ಚುಚ್ಚುತ್ತಾ ಹೋಗಿ, ತಗುಲಿದಲ್ಲಿ ಅದನ್ನು ಕೀಳದೆ ಹಾಗೆಯೇ ಬಿಟ್ಟು, ಸ್ವಲ್ಪ ಕೆಳಗಿನ ಬದಿಯಿಂದ ಅಡ್ಡಲಾಗಿ ಅಗೆಯಬೇಕೆಂದು ಹಿರಿಯರು ತೋರಿಸಿಕೊಟ್ಟರು. ಮುಂದೆ ಒಬ್ಬ ಕಡಿಯುವುದು, ಹಿಂದಿನವರು ಮರಳನ್ನು ದೂರ ತಳ್ಳುವುದು, ನಿಮಿಷಕ್ಕೊಮ್ಮೆ ಜಾಗ ಬದಲಿಸುವುದು. ನಾಲ್ಕನೆಯ ಸಲಕ್ಕೆ 11 ನಿಮಿಷಕ್ಕೆ ಇಳಿದೆವು.

ಚಾರಣ ನಡೆಸುವವರ ಜೊತೆ ಮಾತಾಡಿ ಒಂದು ಹೆಚ್ಚುವರಿ ದಿನವನ್ನು ಸೇರಿಸಿಕೊಂಡಿದ್ದೇವೆ, ಹಿಂದಿರುಗುವ ಟಿಕೆಟ್ಟನ್ನು ಬದಲಿಸಿದ್ದೇವೆ. ಎಂಟು ಮಂದಿಯಲ್ಲಿ ಯಾರೊಬ್ಬರು ಬೇಡವೆಂದರೂ ಕಾರಣ ಕೇಳದೆ ಎಲ್ಲರೂ ನಿಲ್ಲುವುದೆಂದು ನಮ್ಮೊಳಗೆ ಒಪ್ಪಿಕೊಂಡಿದ್ದೇವೆ. ಸಾಗರದ ಅಣ್ಣನವರು ಆ ಕೊರಕಲಿನ ಬಗ್ಗೆ ಬರೆದದ್ದನ್ನು ಓದಿದ ಮೇಲೆ ಇದನ್ನು ಮೊದಲು ಹೇಳಿದವಳು ಅಮ್ಮನ ಮಗಳೇ. ಮುಂದಿನ ಭಾನುವಾರ ಮತ್ತೆ ಹೊಸನಗರಕ್ಕೆ ಹೋಗುತ್ತೇವೆ. ಹಿರಿಯರು ಈ ಸಲ ಎರಡು ಚೀಲಗಳನ್ನು ಹೂತಿಡುವುದಾಗಿ ಹೇಳಿದ್ದಾರೆ.